ಮಹಾಲಿಂಗ ಮೇಸ್ತ್ರಿ ಮೂಸಿ ಹೇಳಿದ ಮಾತು

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಗುಂಡ್ಲುಪೇಟೆ ರಸ್ತೆಯಲ್ಲಿ ಊರು ಮುಗಿಯುವ ಕಡೆ ಒಂದು ಹುಣಸೆಮರ, ಅದರ ಮಗ್ಗುಲಿಗೆ ತಗಡು ಹೊದಿಸಿದ ಒಂದು ಶೆಡ್ಡು. ಶೆಡ್ಡಿಗೆ ಬೋರ್ಡು ಇರಲಿಲ್ಲ. ಬೋರ್ಡಾದರೂ ಯಾಕೆ ಬೇಕು? ಕೆಟ್ಟ ಗಾಡಿ ತಳ್ಳಿಕೊಂಡು ಬಂದವರು ಯಾರನ್ನು ಕೇಳಿದರೂ, "ಮೂಗು ಮೇಸ್ತ್ರಿ ತಾವ್ಕಾ? ಅಗಾ ಅಲ್ಲೇ, ಉಣಸೆಮರದ ಬುಡ" ಎಂದು ಕೈ ತೋರಿಸುತ್ತಿದ್ದರು.

ಮೂಗು ಮೇಸ್ತ್ರಿ ಎಂದರೆ ಮಹಾಲಿಂಗ. ಮೂಗೇನೂ ಉದ್ದವಿರಲಿಲ್ಲ, ಎಲ್ಲರಿಗೂ ಇರುವಂಥದ್ದೇ. ಆದರೆ ಅದರ ಕೆಲಸ ಬೇರೆ. ಕಾರು ಬಂದು ನಿಂತರೆ ಮಹಾಲಿಂಗ ಬಾನೆಟ್ ಎತ್ತುವ ಮೊದಲು ಹಿಂದಕ್ಕೆ ಹೋಗಿ, ಸೈಲೆನ್ಸರಿನ ಹೊಗೆಯೆದುರು ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಅಡುಗೆಮನೆ ಬಾಗಿಲಲ್ಲಿ ನಿಂತು ಇವತ್ತು ಏನು ಸಾರು ಎಂದು ಊಹಿಸುವವನ ಹಾಗೆ ಎರಡು ಸಲ ಮೂಸಿ, "ಆಯಿಲ್ ಸುಡ್ತಾ ಅದೆ, ರಿಂಗ್ ಸವುದದೆ" ಎಂದೋ "ಪೆಟ್ರೋಲ್ ಜಾಸ್ತಿ ಕುಡೀತಾ ಅದೆ" ಎಂದೋ ತೀರ್ಪು ಕೊಡುತ್ತಿದ್ದ. ಬಿಚ್ಚಿ ನೋಡಿದರೆ ಹತ್ತಕ್ಕೆ ಒಂಬತ್ತು ಸಲ ಅದೇ ಆಗಿರುತ್ತಿತ್ತು. ಆ ಹತ್ತನೆಯದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮಹಾಲಿಂಗನಂತೂ ಇಲ್ಲವೇ ಇಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಮೈಸೂರಿಗೆ ಹೋಗಿ, ಒಬ್ಬ ಮುಂಗೋಪಿ ಮೇಸ್ತ್ರಿಯ ಕೈಕೆಳಗೆ ಸ್ಪ್ಯಾನರಿನಿಂದ ಗೆಣ್ಣಿಗೆ ಹೊಡೆಸಿಕೊಂಡು ಕೆಲಸ ಕಲಿತವನು ಅವನು. ಕೆಲಸದ ಜೊತೆಗೆ ಆ ಮುಂಗೋಪವನ್ನೂ ಕಲಿತು ಬಂದಿದ್ದ. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ದಾರಿಯಲ್ಲಿ ಕೆಟ್ಟು ನಿಂತವರಿಗೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಆದರೆ ತಪ್ಪಾಯಿತು ಎಂದು ಹೇಳುವ ಅಭ್ಯಾಸ ಮಾತ್ರ ಅವನಿಗೆ ಇರಲಿಲ್ಲ. ಯಾಕೆಂದರೆ ತಪ್ಪು ಮಾಡುವ ಅಭ್ಯಾಸವೇ ತನಗಿಲ್ಲ ಎಂದು ಆಸಾಮಿ ನಂಬಿಕೊಂಡಿದ್ದ.

ಅವನ ಕೈಗೆ ಒಗ್ಗಿದ ಗಾಡಿಗಳಲ್ಲಿ ಶಾಂತಮಲ್ಲಪ್ಪನವರ ಹಳೇ ಫಿಯೆಟ್ಟೂ ಒಂದು. ಶಾಂತಮಲ್ಲಪ್ಪನವರ ಮನೆ ಚಾಮರಾಜನಗರದಲ್ಲಿ, ಅರಿಶಿನದ ಮಂಡಿ ಗುಂಡ್ಲುಪೇಟೆಯಲ್ಲಿ. ದಿನಾ ಬೆಳಗ್ಗೆ ತೆರಕಣಾಂಬಿ ಮೇಲೆ ಹೋಗಿ ಸಂಜೆ ಬರುವುದು. ಕಾರು ಓಡಿಸುತ್ತಿದ್ದವನು ಹರದನಹಳ್ಳಿಯ ಕೆಂಪಯ್ಯ. ಹೆಚ್ಚು ಮಾತಿನವನಲ್ಲ. ಖಾಕಿ ಅಂಗಿಯ ಮೇಲುಗುಂಡಿಯನ್ನು ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ. ಕಾರನ್ನು ಒರೆಸುವುದು ನೋಡಿದರೆ ಮನೆಯ ಎಳೆಗರುವಿನ ಮೈ ನೀವುತ್ತಿದ್ದಾನೇನೋ ಅನ್ನಿಸಬೇಕು. ಯಜಮಾನರು ಗುಂಡ್ಲುಪೇಟೆಯಲ್ಲೇ ಉಳಿದುಕೊಂಡ ದಿನ ಕಾರನ್ನು ಹರದನಹಳ್ಳಿಗೆ ಒಯ್ದು ತನ್ನ ಹಟ್ಟಿಯ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ. ಅಷ್ಟು ನಂಬಿಕೆ ಅವನ ಮೇಲೆ.

ಆ ವರ್ಷ ಆಯುಧಪೂಜೆ ಕಳೆದು, ಬೆಳಗಿನ ಹೊತ್ತು ಮಂಜು ಕವಿಯುವುದಕ್ಕೆ ಶುರುವಾಗಿತ್ತು. ಒಂದು ದಿನ ಫಿಯೆಟ್ಟು ಕೆಮ್ಮುತ್ತ, ತಡವರಿಸುತ್ತ ಶೆಡ್ಡಿನ ಮುಂದೆ ಬಂದು ನಿಂತಿತು. ನಿಂತಲ್ಲಿ ಸಣ್ಣಗೆ, ಒಂದೇ ಸಮ ಓಡಬೇಕಾದ ಇಂಜಿನ್ನು ಒಂದು ಸಲ ಗುಟುರು ಹಾಕಿ, ಒಂದು ಸಲ ಉಸಿರು ಕಟ್ಟಿ, ಇಡೀ ಕಾರನ್ನೇ ಗಡಗಡ ಅಲ್ಲಾಡಿಸುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಆಫ್, ಒತ್ತಿದರೆ ಸೈಲೆನ್ಸರಿನಿಂದ ಪಟಾಕಿ.

ಕೆಂಪಯ್ಯ ಇಳಿದು ಬಂದ. "ಮಿಸ್ಸಿಂಗ್ ಒಡೀತಾ ಅದೆ ಮೇಸ್ತ್ರಿ. ಬೆಳ್ಗಾನೆ ಮಂಜಲ್ಲಿ ಮಾತ್ರ ಇಂಗಾಡ್ತದೆ. ಬಿಸ್ಲೇರ್ತಿದ್ದಂಗೆ ತಾನಾಗೇ ಸರೋಯ್ತದೆ. ಯಾಕ ಅಂತ ಒಸಿ ನೋಡು" ಎಂದ.

"ಕಾರ್ಗೂ ನೆಗಡಿ ಬತ್ತದೇನ್ಲಾ?" ಎಂದು ಮಹಾಲಿಂಗ ನಕ್ಕ. ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದವರೂ ನಕ್ಕರು. ಹಿಂದಿನ ಸೀಟಿನಲ್ಲಿ ಶಾಂತಮಲ್ಲಪ್ಪನವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವತ್ತು ಮಂಡಿಯಲ್ಲಿ ವ್ಯಾಪಾರದ ದಿನ.

ಮಹಾಲಿಂಗ ಪದ್ಧತಿಯಂತೆ ಹಿಂದಕ್ಕೆ ಹೋಗಿ ಕೂತು ಮೂಸಿದ. ಪೂರ್ತಿ ಉರಿಯದ ಪೆಟ್ರೋಲಿನ ಘಾಟು. ಎದ್ದು ಬಂದು ಪ್ಲಗ್ಗುಗಳನ್ನು ಬಿಚ್ಚಿದ. ಎರಡು ಒದ್ದೆಯಾಗಿ ಕಪ್ಪಗಿದ್ದವು. ಕಾರ್ಬುರೇಟರಿನ ಜೆಟ್ಟು ತೆಗೆದು ಊದಿದ. ಕಸವಿರಲಿಲ್ಲ. ಸ್ಕ್ರೂ ಅತ್ತ ಇತ್ತ ತಿರುವಿದ. ಕೆಮ್ಮು ನಿಲ್ಲಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ, ನಾಲ್ಕೂ ಪ್ಲಗ್ಗಿಗೆ ಸರದಿಯ ಮೇಲೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಇತ್ತು. ಕಪ್ಪು ಮುಚ್ಚಳದ ಸಣ್ಣ ಡಬ್ಬಿ ಅದು. ಅದರ ಮೇಲೆ ಕಣ್ಣು ಹೋಯಿತು, ಕೈ ಹೋಗಲಿಲ್ಲ. ಪೂಜೆಯ ಹಿಂದಿನ ದಿನವಷ್ಟೇ ಅದರೊಳಗೆ ಹೊಸ ಪಾಯಿಂಟ್ ಕೂರಿಸಿ ಮುಚ್ಚಿದವನು ತಾನೇ. ತಾನು ಕೈಯಿಟ್ಟ ಕಡೆ ತಪ್ಪೆಲ್ಲಿಂದ ಬರಬೇಕು?

ಆಗ ಕೆಂಪಯ್ಯ ಸ್ಪ್ಯಾನರು ಹಿಡಿದುಕೊಳ್ಳಲೆಂದು ಕೈ ಚಾಚಿ ಪಕ್ಕಕ್ಕೆ ಬಾಗಿದ. ಅವನ ಅಂಗಿಯ ತೋಳಿನಿಂದ ಸೀಮೆಎಣ್ಣೆಯ ವಾಸನೆ ಗಮ್ಮೆಂದು ಮಹಾಲಿಂಗನ ಮೂಗಿಗೆ ಬಡಿಯಿತು. ಮೂಗು ಹೇಳಿತು, ಬಾಯಿ ಆಡಿಬಿಟ್ಟಿತು. ನಡುವೆ ತಲೆ ಎಂಬುದೊಂದಿದೆ, ಅದನ್ನೂ ಒಂದು ಮಾತು ಕೇಳೋಣ ಎಂದು ಎರಡಕ್ಕೂ ಅನ್ನಿಸಲಿಲ್ಲ.

"ಸೀಮೆಎಣ್ಣೆ ಯಜಮಾನ್ರೇ! ಪೆಟ್ರೋಲ್ಗೆ ಸೀಮೆಎಣ್ಣೆ ಬೆರ್ತದೆ. ಅದ್ಕೇ ಈ ಕೆಮ್ಮು."

"ಬಂಕಲ್ಲೇ ಬೆರೆಸವ್ರಾ?" ಎಂದರು ಶಾಂತಮಲ್ಲಪ್ಪನವರು.

ಇಲ್ಲೊಂದು ಗಳಿಗೆ ಇತ್ತು. 'ಇದ್ರೂ ಇರಬೋದು, ನೋಡನ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೆಂಚಿನವರು ಎದ್ದು ಬಂದು ಸುತ್ತ ನಿಂತಿದ್ದರು, ಮೂಗು ಮೇಸ್ತ್ರಿ ಏನು ಹೇಳುತ್ತಾನೋ ಎಂದು ಕಾಯುತ್ತಿದ್ದರು. ಮಹಾಲಿಂಗ ಕೆಂಪಯ್ಯನ ತೋಳಿನ ಕಡೆ ಒಮ್ಮೆ ನೋಡಿ, "ಬಂಕ್ನೋರು ಬೆರ್ಸಿದ್ರೆ ಊರ್ ಗಾಡಿಯೆಲ್ಲ ಕೆಮ್ಬೇಕಾಗಿತ್ತಲ್ಲ?" ಎಂದುಬಿಟ್ಟ.

ಸುತ್ತ ನಿಂತವರಿಗೆ ಅಷ್ಟು ಸಾಕಾಯಿತು. ಪೆಟ್ರೋಲು ಕದ್ದು ಮಾರಿ ಅಷ್ಟೇ ಸೀಮೆಎಣ್ಣೆ ಸುರಿಯುವ ಡ್ರೈವರುಗಳ ಕತೆ ಆಗ ಎಲ್ಲರ ಬಾಯಲ್ಲೂ ಇತ್ತು. ಕೆಂಪಯ್ಯನ ಮುಖ ಬಿಳಚಿಕೊಂಡಿತು. "ನಾ ಯಾಕ ಬೆರುಸ್ಲಿ ಬುದ್ಧಿ?" ಎಂದ, ಯಜಮಾನರ ಕಡೆ ತಿರುಗಿ. ಆಮೇಲೆ ಮಹಾಲಿಂಗನನ್ನು ನೋಡಿದ. ಸಿಟ್ಟಿನಿಂದಲ್ಲ, ಗಾಬರಿಯಿಂದ.

ಟ್ಯಾಂಕಿನ ಪೆಟ್ರೋಲನ್ನೆಲ್ಲ ಇಳಿಸಿ, ಕ್ಯಾನಿನಲ್ಲಿ ಹೊಸದು ತರಿಸಿ ತುಂಬಿಸುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಸ್ಟಾರ್ಟ್ ಮಾಡಿದರೆ ಫಿಯೆಟ್ಟು ಬೆಕ್ಕಿನ ಹಾಗೆ ಗುರುಗುಟ್ಟಿತು. ಒಂದು ಕೆಮ್ಮಿಲ್ಲ. "ಕಂಡ್ರಾ?" ಎಂದ ಮಹಾಲಿಂಗ. ಶಾಂತಮಲ್ಲಪ್ಪನವರು ಬೈಯುವ ಪೈಕಿ ಅಲ್ಲ. "ಕೀ ಕೊಡು ಕೆಂಪಯ್ಯ" ಎಂದರು, ಅಷ್ಟೇ. ಕೆಂಪಯ್ಯ ಕೀ ಕೊಟ್ಟ. ಸೀಟಿನ ಕೆಳಗಿದ್ದ ಊಟದ ಕ್ಯಾರಿಯರ್ ತೆಗೆದುಕೊಂಡು, ಬಾಗಿಲನ್ನು ಸದ್ದಾಗದಂತೆ ಹಾಕಿ, ರಸ್ತೆಗೆ ಬಿದ್ದು ನಡೆದ.

ಮಹಾಲಿಂಗನಿಗೆ ಅವತ್ತು ಮಧ್ಯಾಹ್ನದ ಊಟ ಚೆನ್ನಾಗಿಯೇ ಸೇರಿತು. ಅದನ್ನು ನೆನೆಸಿಕೊಂಡು ಆಮೇಲೆ ಅವನು ಪಟ್ಟ ಸಂಕಟ ಅಷ್ಟಿಷ್ಟಲ್ಲ.

ಮೂಗು ಮೇಸ್ತ್ರಿಯೇ ಹೇಳಿದ ಮೇಲೆ ಕೇಳಬೇಕೆ? ಮಾತು ಕಾರಿಗಿಂತ ಮೊದಲು ಗುಂಡ್ಲುಪೇಟೆ ಮುಟ್ಟಿತು. ಕೆಂಪಯ್ಯನ ಕೈಗೆ ಸ್ಟೇರಿಂಗು ಕೊಡುವವರು ಎರಡೂ ಊರಿನಲ್ಲಿ ಒಬ್ಬರೂ ಇಲ್ಲವಾದರು. ಟೆಂಪೋದವರು ಕೂಡ, "ನೋಡನ ಬುಡು, ಯೋಳಿ ಕಳುಸ್ತೀವಿ" ಎಂದು ಸಾಗಹಾಕಿದರು. ಅವನು ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುತ್ತಿದ್ದಾನೆ ಎಂದು ಯಾರೋ ಅಂದಾಗ ಮಹಾಲಿಂಗ, "ಕೈ ಸುದ್ದ ಇಟ್ಕಂಡಿದ್ರೆ ಈ ಗತಿ ಬತ್ತಿತ್ತಾ?" ಎಂದು ಒಂದು ಮಾತು ಸೇರಿಸಿದ.

ದೀಪಾವಳಿ ಕಳೆಯಿತು. ಒಂದು ಬೆಳಗ್ಗೆ ಅದೇ ಕೆಮ್ಮು, ಅದೇ ಪಟಾಕಿ. ಫಿಯೆಟ್ಟು ಶೆಡ್ಡಿನ ಮುಂದೆ ಬಂದು ನಿಂತಿತು. ಹೊಸ ಡ್ರೈವರು ಒಳಗೇ ಕೂತಿದ್ದ. ಶಾಂತಮಲ್ಲಪ್ಪನವರೇ ಇಳಿದು ಬಂದರು.

"ಏನಪ್ಪ ಮಹಾಲಿಂಗ, ಈಗ ಪೆಟ್ರೋಲು ನಾನೇ ಮುಂದೆ ನಿಂತು ಹಾಕುಸ್ತೀನಿ. ಟ್ಯಾಂಕಿಗೆ ಬೀಗದ ಮುಚ್ಚಳ ಹಾಕ್ಸಿ ಕೀ ಜೇಬಲ್ಲಿ ಮಡಗಿವ್ನಿ. ಆದ್ರೂ ಬೆಳ್ಗಾದ್ರೆ ಇದೇ ಗೋಳು. ಇದ್ಯಾವ ಸೀಮೆಎಣ್ಣೆ?"

ಮಹಾಲಿಂಗ ಟ್ಯಾಂಕು ತೆರೆದು ಮೂಸಿದ. ಅಪ್ಪಟ ಪೆಟ್ರೋಲು. ಬಗ್ಗಿ ನಿಂತಲ್ಲೇ ಕೆಂಪಯ್ಯನ ಮಾತು ಕಿವಿಯೊಳಗೆ ಕೇಳಿದಂತಾಯಿತು. ಬೆಳಗ್ಗೆ ಮಂಜಲ್ಲಿ ಮಾತ್ರ. ಬಿಸಿಲೇರಿದರೆ ಸರಿಹೋಗುತ್ತದೆ. ಗಾಡಿಯ ಕಾಯಿಲೆಯನ್ನು ಅವನು ಅವತ್ತೇ ಬಿಡಿಸಿ ಹೇಳಿದ್ದ, ತಾನು ನೆಗಡಿ ಎಂದು ನಗೆಯಾಡಿದ್ದ. ಸೀಮೆಎಣ್ಣೆಗೆ ಬಿಸಿಲೇನು, ಮಂಜೇನು? ಬೆರಕೆ ಇದ್ದರೆ ಮಧ್ಯಾಹ್ನವೂ ಕೆಮ್ಮಬೇಕು. ಅಷ್ಟು ಸಣ್ಣ ಲೆಕ್ಕ ಅವತ್ತು ತಲೆಗೆ ಹೋಗಿರಲಿಲ್ಲ.

"ಕಾರು ಇಲ್ಲೇ ಇರ್ಲಿ ಯಜಮಾನ್ರೇ. ನಾಳೆ ಬೆಳ್ಗಾನೆ ತಣ್ಣಗಿದ್ದಾಗ ನೋಡ್ತೀನಿ" ಎಂದ. ದನಿ ಯಾಕೋ ತಗ್ಗಿತ್ತು.

ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಶೆಡ್ಡಿಗೆ ಬಂದ. ತಗಡಿನಿಂದ ಮಂಜಿನ ಹನಿ ತೊಟ್ಟಿಕ್ಕುತ್ತಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಕಾರು ಗಡಗಡ ಎಂದಿತು. ಈ ಸಲ ಮೂಸಲಿಲ್ಲ. ಇಂಜಿನ್ನು ಓಡುತ್ತಿದ್ದಂತೆಯೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಸರಿಯಿರುವ ಪ್ಲಗ್ಗಿನ ವೈರು ಎತ್ತಿದರೆ ಇಂಜಿನ್ನು ಇನ್ನಷ್ಟು ಕುಗ್ಗಬೇಕು. ಮೊದಲಿನ ಎರಡಕ್ಕೆ ಕುಗ್ಗಿತು. ಅಕ್ಕಪಕ್ಕದಲ್ಲಿದ್ದ ಉಳಿದ ಎರಡು ವೈರಿಗೆ ಕಾರು ಕ್ಯಾರೇ ಎನ್ನಲಿಲ್ಲ. ಹಾಗಾದರೆ ಆ ಎರಡಕ್ಕೂ ಕರೆಂಟೇ ಸರಿಯಾಗಿ ಬರುತ್ತಿಲ್ಲ. ಪ್ಲಗ್ಗು ಬದಲಾಯಿಸಿದ, ವೈರು ಬದಲಾಯಿಸಿದ. ಊಹೂಂ. ಇನ್ನು ಉಳಿದಿದ್ದು ಒಂದೇ ಜಾಗ, ತಾನು ಕೈಯಿಟ್ಟಿದ್ದ ಜಾಗ.

ಇಂಜಿನ್ ಆಫ್ ಮಾಡಿ, ಡಿಸ್ಟ್ರಿಬ್ಯೂಟರಿನ ಕ್ಲಿಪ್ಪು ಸಡಿಲಿಸಿ ಕಪ್ಪು ಮುಚ್ಚಳವನ್ನು ಅಂಗಾತ ಹಿಡಿದು ಬೆಳಕಿಗೆ ತಂದ. ಒಳಮೈಯಲ್ಲಿ ಮೂರು ಬೆರಳಿನ ವಿಭೂತಿಪಟ್ಟೆ. ನಡುವೆ ಒಂದು ಕುಂಕುಮದ ಬೊಟ್ಟು. ಪಟ್ಟೆ ಮಂಜಿನ ತೇವಕ್ಕೆ ಹಸಿಯಾಗಿತ್ತು. ಪ್ಲಗ್ಗಿನ ವೈರಿಗೆ ಕರೆಂಟು ದಾಟಿಸುವ ಒಂದು ಹಿತ್ತಾಳೆ ಮೊಳೆಯಿಂದ ಪಕ್ಕದ ಮೊಳೆಯವರೆಗೆ ಅದರ ಮೇಲೆಯೇ ಕರೆಂಟು ಹರಿದಾಡಿ, ಕೂದಲೆಳೆಯಂಥ ಕಪ್ಪು ಸುಟ್ಟಗೆರೆ ಬಿದ್ದಿತ್ತು.

ಮಹಾಲಿಂಗ ಅಲ್ಲೇ ಟೈರಿನ ಮೇಲೆ ಕೂತ. ಆ ಮೂರು ಬೆರಳು ಯಾರವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಯುಧಪೂಜೆಗೆ ಗಾಡಿಗಳಿಗೆಲ್ಲ ತಾನೇ ವಿಭೂತಿ ಹಚ್ಚುವುದು ಅವನ ಶೆಡ್ಡಿನ ವಾಡಿಕೆ. ಪ್ರತಿ ವರ್ಷ ಬಾನೆಟ್ಟಿಗೆ, ಚಕ್ರಕ್ಕೆ ಹಚ್ಚಿ ಮುಗಿಸುತ್ತಿದ್ದ. ಈ ಸಲ ಫಿಯೆಟ್ಟಿಗೆ ಹೊಸ ಪಾಯಿಂಟ್ ಕೂರಿಸಿ, ಮುಚ್ಚಳವನ್ನು ಒರೆಸಿ ಕೈಯಲ್ಲಿ ಹಿಡಿದಿದ್ದಾಗ, ಇಂಜಿನ್ನಿನ ಜೀವವೇ ಇಲ್ಲಿದೆಯಲ್ಲ, ದೇವರು ಕೂರುವುದಿದ್ದರೆ ಇಲ್ಲೇ ಕೂರಬೇಕು ಎಂದು ಎಲ್ಲಿಲ್ಲದ ಭಕ್ತಿ ಉಕ್ಕಿತ್ತು. ವಿಭೂತಿಯನ್ನು ನೀರಲ್ಲಿ ಕಲಸಿ, ಒಳಗೇ ಮೂರು ಪಟ್ಟೆ ಎಳೆದು, ಕಣ್ಣಿಗೊತ್ತಿಕೊಂಡು ಮುಚ್ಚಿದ್ದ. ಒಣಗಿದ್ದಾಗ ಅದು ಬರೀ ಬೂದಿ. ತೇವ ಹೀರಿದರೆ ಕರೆಂಟಿಗೆ ರಾಜಬೀದಿ.

ತಾನೇ ಹಚ್ಚಿ, ತಾನೇ ಮರೆತು, ತಾನೇ ಇನ್ನೊಬ್ಬನ ತಲೆಗೆ ಕಟ್ಟಿದ್ದ. ಶಾಂತಮಲ್ಲಪ್ಪನವರ ತಮ್ಮನೇ ಕಾರು ತಂದು, ಅವನ ಅಂಗಿಯಿಂದ ಸೀಮೆಎಣ್ಣೆ ವಾಸನೆ ಬಂದಿದ್ದರೆ ಆ ಮಾತು ಬಾಯಿಂದ ಹೊರಡುತ್ತಿತ್ತೇ? ಹೊರಡುತ್ತಿರಲಿಲ್ಲ. ಕೆಂಪಯ್ಯ ಹರದನಹಳ್ಳಿಯ ಬಡವ, ತನ್ನ ಜನದವನಲ್ಲ, ತಿರುಗಿ ಕೇಳುವವರು ಅವನ ಹಿಂದೆ ಯಾರೂ ಇಲ್ಲ. ಅದಕ್ಕೇ ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು. ಇದನ್ನು ತನಗೆ ತಾನೇ ಹೇಳಿಕೊಂಡಾಗ ಮಹಾಲಿಂಗನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಮುಚ್ಚಳವನ್ನು ಕೆರೆದು, ಒರೆಸಿ, ಒಣಗಿಸಿ ಹಾಕಿದ. ಆ ಮಂಜಿನಲ್ಲೇ ಕಾರು ತಣ್ಣಗೆ ಓಡಿತು. ಆ ಒಳ್ಳೆಯ ಸದ್ದನ್ನು ಕೇಳಲಾಗದೆ ಬೇಗ ಆಫ್ ಮಾಡಿದ. 'ವೈರು ಲೂಜಾಗಿತ್ತು' ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆಯೂ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಶೆಡ್ಡಿನೊಳಗೆ ಮೂರು ಸುತ್ತು ತಿರುಗಿದ. ಆಮೇಲೆ ಕೈಯೂ ತೊಳೆಯದೆ ಅದೇ ಕಾರು ಹತ್ತಿ ಗುಂಡ್ಲುಪೇಟೆಯ ಕಡೆ ಬಿಟ್ಟ.

ಮಂಡಿಯಲ್ಲಿ ಅರಿಶಿನದ ಮೂಟೆಗಳ ನಡುವೆ ಹತ್ತಾರು ಜನವಿದ್ದರು. ಶಾಂತಮಲ್ಲಪ್ಪನವರು, "ಒಳಗೆ ಬಾ, ಕೂತ್ಕಂಡು ಮಾತಾಡನ" ಎಂದರು. ಮಹಾಲಿಂಗ ಒಳಗೆ ಹೋಗಲಿಲ್ಲ. ಜನರ ಮುಂದೆ ಆಡಿದ ಮಾತನ್ನು ಜನರ ಮುಂದೆಯೇ ವಾಪಸು ತಗೊಳ್ಳಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದ.

"ಪೆಟ್ರೋಲಲ್ಲಿ ಸೀಮೆಎಣ್ಣೆ ಇರ್ಲಿಲ್ಲ ಯಜಮಾನ್ರೇ. ತಪ್ಪು ನಂದು. ಪೂಜೆಗೆ ಅಂತ ವಿಭೂತಿ ಅಚ್ಬಾರದ ಜಾಗಕ್ಕೆ ಅಚ್ಬುಟ್ಟಿದ್ದೆ. ಮಂಜಿಗೆ ಅದು ಅಸಿಯಾಗಿ ಮಿಸ್ಸಿಂಗ್ ಒಡೀತಿತ್ತು. ಕೆಂಪಯ್ಯ ಏನೂ ಮಾಡಿಲ್ಲ."

ತೂಕ ಹಾಕುತ್ತಿದ್ದವನು ಕೈ ನಿಲ್ಲಿಸಿದ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಮೂಗು ಮೇಸ್ತ್ರಿಯ ಮೂಗು ಆ ದಿನ ಗುಂಡ್ಲುಪೇಟೆಯ ಮಂಡಿಯಲ್ಲಿ ಮಣ್ಣಾಯಿತು ಎನ್ನಬೇಕು. ಶಾಂತಮಲ್ಲಪ್ಪನವರು ಲೆಕ್ಕದ ಪುಸ್ತಕ ಮುಚ್ಚಿದರು. "ನಾನಾದ್ರೂ ಅವ್ನ ಒಂದ್ ಮಾತು ಕೇಳ್ಬೇಕಾಗಿತ್ತು. ನಿನ್ ಮಾತ್ನ ನಂಬ್ಕಂಡು ಕೀ ಈಸ್ಕಂಬುಟ್ಟೆ. ಓಗು, ನಾಳೆಯಿಂದ್ಲೇ ಬರಕ್ಕೇಳು. ಈಗಿನ ಉಡುಗುನ್ನ ಲಾರಿಗೆ ಆಕಂತೀನಿ" ಎಂದರು.

ಇಷ್ಟು ಸುಲಭವೇ ಎಂದು ಮಹಾಲಿಂಗನಿಗೆ ಅಚ್ಚರಿಯಾಯಿತು. ಹೋದ ಕೆಲಸ ವಾಪಸು ಸಿಕ್ಕಿತಲ್ಲ, ಒಂದು ಒಳ್ಳೆಯ ಮಾತು ಹೇಳಿ, ಎರಡು ಬೈಗುಳ ತಿಂದು ಬಂದರೆ ಮುಗಿಯಿತು ಎಂದುಕೊಂಡ. ಸಂಜೆ ಸ್ಕೂಟರಿನಲ್ಲಿ ಹರದನಹಳ್ಳಿಗೆ ಹೊರಟಾಗ ಅವನ ಎದೆ ಎಷ್ಟೋ ಹಗುರವಾಗಿತ್ತು.

ಕೆಂಪಯ್ಯನ ಹಟ್ಟಿಯ ಬಾಗಿಲು ತೆರೆದಿತ್ತು. ಅವನ ಹೆಂಡತಿ ಚಿಕ್ಕಬಸಮ್ಮ ಜಗಲಿಯ ಮೇಲೆ ಪಂಪ್ ಸ್ಟವ್ ಇಟ್ಟುಕೊಂಡು ಒತ್ತುತ್ತಿದ್ದಳು, ಅದು ಹೊತ್ತುತ್ತಿರಲಿಲ್ಲ. ಇಟ್ಟಿಗೆ ಗೂಡಿನಿಂದ ಬಂದು ಕೂತಿದ್ದ ಕೆಂಪಯ್ಯ ಪಿನ್ನು ಹಾಕಿ ಅದರ ತೂತು ಬಿಡಿಸುತ್ತಿದ್ದ. ಸೀಮೆಎಣ್ಣೆ ಚಿಮ್ಮಿ ಅವನ ತೋಳು ನೆನೆದಿತ್ತು. ಮಹಾಲಿಂಗ ಅದನ್ನು ನೋಡಿ, ನೋಡಲಾಗದೆ ಬೇರೆ ಕಡೆ ತಿರುಗಿದ.

"ಬಾ ಮೇಸ್ತ್ರಿ, ಕೂತ್ಕ" ಎಂದ ಕೆಂಪಯ್ಯ. ಬೈಯಲಿಲ್ಲ.

ಮಹಾಲಿಂಗ ನಿಂತೇ ಎಲ್ಲ ಹೇಳಿದ. ವಿಭೂತಿ, ಮಂಜು, ಸುಟ್ಟಗೆರೆ, ಮಂಡಿಯ ಮುಂದೆ ಒಪ್ಪಿಕೊಂಡದ್ದು, ಯಜಮಾನರು ನಾಳೆಯಿಂದ ಬಾ ಎಂದದ್ದು. "ನಾನು ಮಾಡಿದ್ದು ದೊಡ್ ತಪ್ಪು ಕೆಂಪಯ್ಯ. ಒಡೀಬೇಕು ಅನ್ಸಿದ್ರೆ ಒಡುದ್ಬುಡು" ಎಂದ.

ಸಂತೋಷಪಡುತ್ತಾರೆ, ಇಲ್ಲವೇ ರೇಗುತ್ತಾರೆ ಎಂದು ಎಣಿಸಿದ್ದ. ಎರಡೂ ಆಗಲಿಲ್ಲ. ಚಿಕ್ಕಬಸಮ್ಮ ಸ್ಟವ್ವಿನ ಪಂಪು ಬಿಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. "ಬಡ್ಕಂಡೆ, ನಾ ಅವತ್ತೇ ಬಡ್ಕಂಡೆ, ಉಡ್ಗ ಅಂತವ್ನಲ್ಲ ಅಂತ..." ಎಂದಳು ಗಂಡನ ಕಡೆ ನೋಡಿ.

ಕೆಂಪಯ್ಯ ಕೈಯಲ್ಲಿದ್ದ ಪಿನ್ನನ್ನು ಹಾಗೇ ಹಿಡಿದುಕೊಂಡಿದ್ದ. ಅದನ್ನು ಜಗಲಿಯ ಮೇಲಿಟ್ಟು ಹೇಳತೊಡಗಿದ.

"ನಾ ಬೆರ್ಸಿಲ್ಲ ಅನ್ನದು ನಂಗೆ ಗೊತ್ತಿತ್ತು ಮೇಸ್ತ್ರಿ. ಆದ್ರೆ ಬೆರ್ಕೆ ಅದೆ ಅಂತ ನೀ ಯೋಳ್ದಲ್ಲ. ನೀ ಯೋಳಿದ್ಮೇಲೆ ಇರ್ಲೇಬೇಕು ಅನ್ಕಂಡೆ. ನಾನಲ್ಲ ಅಂದ್ಮೇಲೆ ಇನ್ಯಾರು? ಕಾರು ನಮ್ಮಟ್ಟಿ ಮುಂದ ನಿಂತಿದ್ದಾಗ ಇಲ್ಲಿದ್ದವ ನನ್ ಮಗ ಚಂದ್ರಕುಮಾರ. ಬೆಳ್ದ ಮಗನ್ನ ಬೀದಿಗೆಳ್ಕಂಡು ಒಡುದ್ಬುಟ್ಟೆ. ನಾನಲ್ಲ ಕಣಪ್ಪೋ, ಮಾದಪ್ಪನಾಣೆ ನಾನಲ್ಲ ಅಂದ. ಮೇಸ್ತ್ರಿ ಸುಳ್ ಯೋಳಾನೇನ್ಲಾ ಅಂತ ಇನ್ನೂ ನಾಕು ಆಕ್ದೆ."

"ಈಗ ಎಲ್ಲವ್ನೆ?" ಎಂದು ಮಹಾಲಿಂಗ ಕೇಳಿದ.

"ಚಂದಕವಾಡೀಲಿ, ಅವರ ಮಾವನಟ್ಟೀಲಿ" ಎಂದಳು ಚಿಕ್ಕಬಸಮ್ಮ. "ಅಬ್ಬಕ್ಕೂ ಬರ್ನಿಲ್ಲ. ಕರ್ಯಕ್ಕೋದ್ರೆ, ಕಳ್ಳ ಅಂದ ಮನೇಲಿ ನಾ ಉಣ್ಣಕಿಲ್ಲ ಅಂದ ಕಣಪ್ಪ."

ಒಬ್ಬನ ಹೆಸರು ಕೆಡಿಸಿದೆ ಎಂದು ಬಂದಿದ್ದ. ಕೆಡಿಸಿದ್ದು ಒಂದು ಮನೆಯನ್ನು. ಮಂಡಿಯ ಮುಂದೆ ತಲೆ ತಗ್ಗಿಸಿದ್ದು, ಕೆಲಸ ವಾಪಸು ಕೊಡಿಸಿದ್ದು ಯಾವುದಕ್ಕೂ ಸಾಲದು ಎಂದು ಅವನಿಗೆ ಅರಿವಾಯಿತು. ತಾನು ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ ಇಲ್ಲಿ ಬೀದಿಯಲ್ಲಿ ಒಬ್ಬ ಮಗ ಏಟು ತಿನ್ನುತ್ತಿದ್ದ. "ತೆಪ್ಪಾಯ್ತು" ಎಂದ. ಆ ಮಾತು ಅವನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಕೆಂಪಯ್ಯ ಎದ್ದ. ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು, ಮೇಲುಗುಂಡಿಯನ್ನೂ ಹಾಕಿಕೊಂಡು ಹೊರಗೆ ಬಂದ. ಕೆಲಸದ ಮಾತೇ ಎತ್ತಲಿಲ್ಲ. ಸ್ಕೂಟರಿನ ಹತ್ತಿರ ಹೋಗಿ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತ.

"ನಡಿ, ಈಗ್ಲೇ ಚಂದಕವಾಡಿಗೆ ಓಗನ. ಅವನ್ ಮುಂದ ನೀನೇ ಯೋಳ್ಬೇಕು ಮೇಸ್ತ್ರಿ. ನನ್ ಮಾತ್ನ ಅವ ಇನ್ ನಂಬಕಿಲ್ಲ" ಎಂದ. ಅವನ ದನಿಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. "ನಿನ್ ಮಾತಾದ್ರೆ ಯಾರಾದ್ರೂ ನಂಬ್ತಾರೆ."